ಬೆಚ್ಚನೆಯ ಮಸಾಲೆ ಸೈಡರ್: ಸೇಬು ಮೊದಲು, ಚಕ್ಕೆ ಲವಂಗ ಆಮೇಲೆ

ಒಲೆಯ ಮೇಲೆ ಸೇಬಿನ ರಸ ಬಿಸಿಯಾಗುತ್ತಿರುವಾಗ ಮುಚ್ಚಳವನ್ನು ಒಂದಿಷ್ಟು ಸರಿಸಿ ಮೂಸಿ ನೋಡುವುದು ನನ್ನ ರೂಢಿ. ಮೂಗಿಗೆ ಮೊದಲು ತಾಗುವುದು ಚಕ್ಕೆಯ ಘಾಟಾಗಿದ್ದರೆ ಮಸಾಲೆ ಹೆಚ್ಚಾಯಿತೆಂದು ತಿಳಿಯುತ್ತೇನೆ. ಮೊದಲು ಸೇಬಿನ ಪರಿಮಳ ಬಂದು, ಅದರ ಬೆನ್ನಿಗೇ ಚಕ್ಕೆ ಬಂದು, ತೀರಾ ಕೊನೆಯಲ್ಲಿ ಲವಂಗ ಇದೆಯೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ಸುಳಿದು ಹೋದರೆ, ಅದು ನಾನು ಬಯಸುವ ಸೈಡರ್. ಹಲವು ಚಳಿಗಾಲಗಳಿಂದ ಇದನ್ನು ಮನೆಯಲ್ಲಿ ಮಾಡುತ್ತ ಬಂದಿರುವ ನನಗೆ ಒಂದು ವಿಷಯ ಮನವರಿಕೆಯಾಗಿದೆ. ಇದು ಹಣ್ಣಿನ ಪಾನೀಯವೇ ಹೊರತು ಮಸಾಲೆಯ ಕಷಾಯವಲ್ಲ. ಮಸಾಲೆಯನ್ನು ಯಾವಾಗ ಹಾಕಬೇಕು ಎಂಬುದಕ್ಕಿಂತ ಯಾವಾಗ ಹೊರಗೆ ತೆಗೆಯಬೇಕು ಎಂಬುದರಲ್ಲಿಯೇ ಅದರ ರುಚಿಯ ಹೆಚ್ಚಿನ ಪಾಲು ಅಡಗಿದೆ.

ಮೊದಲಿಗೆ ಹೆಸರಿನ ಗೊಂದಲವನ್ನು ಬಗೆಹರಿಸಿಕೊಳ್ಳೋಣ. ಸೈಡರ್ ಎಂಬ ಪದ ಕಿವಿಗೆ ಬಿದ್ದೊಡನೆ ಅನೇಕರಿಗೆ ನೆನಪಾಗುವುದು ಆಪಲ್ ಸೈಡರ್ ವಿನೆಗರ್, ಅಂದರೆ ಸೇಬಿನ ಹುಳಿನೀರು. ಸೇಬಿನ ರಸದ ಸಕ್ಕರೆಯನ್ನು ಯೀಸ್ಟ್ ಮದ್ಯವಾಗಿಸಿ, ಆ ಮದ್ಯವನ್ನು ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಅಸಿಟಿಕ್ ಆಮ್ಲವಾಗಿಸಿದಾಗ ಅದು ಸಿದ್ಧವಾಗುತ್ತದೆ. ಇಂಗ್ಲೆಂಡಿನಲ್ಲಿ ಬರೀ ಸೈಡರ್ ಎಂದರೆ ನಡುವಿನ ಹಂತ, ಹುದುಗಿ ಮದ್ಯವಾದ ಸೇಬಿನ ರಸ. ಅಮೆರಿಕದಲ್ಲಿ ಸಾಮಾನ್ಯವಾಗಿ ಅದೇ ಪದಕ್ಕೆ ಹುದುಗಿಸದ, ಪೂರ್ತಿ ತಿಳಿಯಾಗುವಂತೆ ಸೋಸದ, ಮಬ್ಬು ಕಂದು ಬಣ್ಣದ ತಾಜಾ ರಸ ಎಂಬ ಅರ್ಥವಿದೆ. ನಾನು ಇಲ್ಲಿ ಹೇಳುತ್ತಿರುವುದು ಈ ಕೊನೆಯದರ ಬಗ್ಗೆ. ಇದರಲ್ಲಿ ಮದ್ಯವಿಲ್ಲ, ಮನೆಯ ಮಕ್ಕಳೂ ಹಿರಿಯರೂ ಒಟ್ಟಿಗೆ ಕೂತು ಕುಡಿಯಬಹುದು.

ಸೇಬಿನ ಆಯ್ಕೆಯಲ್ಲಿ ಅವಸರ ಮಾಡಬಾರದು. ಒಂದೇ ಜಾತಿಯ ಸೇಬಿನಿಂದ ತೆಗೆದ ರಸ ಎಷ್ಟೇ ಸಿಹಿಯಾಗಿದ್ದರೂ ಅದರಲ್ಲಿ ಏನೋ ಕೊರತೆ ಉಳಿಯುತ್ತದೆ. ಫ್ಯೂಜಿ, ಗಾಲಾದಂತಹ ಹಣ್ಣುಗಳು ಸಿಹಿಯನ್ನು ಧಾರಾಳವಾಗಿ ಕೊಡುತ್ತವೆ, ಗೋಲ್ಡನ್ ಡೆಲಿಷಸ್ ಮೃದುವಾದ ಪರಿಮಳವನ್ನು ಕೊಡುತ್ತದೆ, ಹಸಿರು ಗ್ರ್ಯಾನಿ ಸ್ಮಿತ್ ಹುಳಿಯನ್ನು ಕೊಡುತ್ತದೆ. ತಣ್ಣಗೆ ಕುಡಿಯುವ ರಸಕ್ಕೂ ಬೆಚ್ಚಗೆ ಕುಡಿಯುವ ರಸಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ ಎಂಬುದನ್ನು ನಾನು ತಡವಾಗಿ ಕಂಡುಕೊಂಡೆ. ನಮ್ಮ ನಾಲಿಗೆಗೆ ಬಿಸಿಯಾದ ಪದಾರ್ಥದ ಸಿಹಿ ಹೆಚ್ಚು ಎದ್ದು ತೋರುತ್ತದೆ. ಫ್ರಿಜ್ಜಿನಿಂದ ತೆಗೆದು ಕುಡಿದಾಗ ಹದವಾಗಿದ್ದ ರಸವೇ ಬಿಸಿಯಾದ ಮೇಲೆ ಬಾಯಿಗೆ ಅಂಟುವಷ್ಟು ಸಿಹಿಯಾಗಿ ಕಾಣುವುದು ಈ ಕಾರಣಕ್ಕೆ. ಆದ್ದರಿಂದ ತಣ್ಣಗಿರುವಾಗ ಇನ್ನೂ ಸ್ವಲ್ಪ ಹುಳಿ ಎನ್ನಿಸುವಂತೆ ಹಣ್ಣುಗಳನ್ನು ಬೆರೆಸಿಕೊಳ್ಳಬೇಕು. 3 ಕಿಲೋ ಸೇಬಿನಲ್ಲಿ 1 ಕಿಲೋಕ್ಕಿಂತ ತುಸು ಹೆಚ್ಚು ಹಸಿರು ಸೇಬು, ಉಳಿದದ್ದು ಎರಡು ಬಗೆಯ ಸಿಹಿ ಸೇಬು ಎಂಬುದು ನನ್ನ ಮನೆಯ ಅಳತೆ.

ಹಣ್ಣು ನೋಡಲು ಚೆಂದವಿರಬೇಕಾಗಿಲ್ಲ. ಸಿಪ್ಪೆ ಸುಕ್ಕಾಗಿದ್ದರೂ, ಆಕಾರ ಸೊಟ್ಟಗಿದ್ದರೂ ರಸಕ್ಕೆ ಏನೂ ತೊಂದರೆಯಿಲ್ಲ. ಆದರೆ ಕೊಳೆತ ಹಣ್ಣಿನ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಬೇಡ. ಸೇಬಿನ ಮೇಲೆ ಬೆಳೆಯುವ ಕೆಲವು ಬೂಷ್ಟುಗಳು ಪ್ಯಾಟುಲಿನ್ ಎಂಬ ವಿಷವನ್ನು ಉಂಟುಮಾಡುತ್ತವೆ. ಅದು ಕುದಿಸಿದ ಮಾತ್ರಕ್ಕೆ ನಾಶವಾಗುವಂಥದ್ದಲ್ಲ. ‘ಹೇಗಿದ್ದರೂ ಬಿಸಿ ಮಾಡುತ್ತೇವಲ್ಲ’ ಎಂದು ಬೂಷ್ಟು ಹಿಡಿದ ಹಣ್ಣನ್ನು ರಸಕ್ಕೆ ಹಾಕುವುದನ್ನು ಕಂಡಾಗ ನನಗೆ ನಿಜಕ್ಕೂ ಆತಂಕವಾಗುತ್ತದೆ. ಅಂತಹ ಹಣ್ಣನ್ನು ಇಡಿಯಾಗಿ ಎಸೆದುಬಿಡುವುದೇ ಸರಿ.

ಮನೆಯಲ್ಲಿ ಸೈಡರ್ ಮಾಡಲು ಎರಡು ದಾರಿಗಳಿವೆ. ಮೊದಲನೆಯದರಲ್ಲಿ 2 ಕಿಲೋ ಸೇಬನ್ನು ನಾಲ್ಕು ಹೋಳು ಮಾಡಿ, ಸುಮಾರು 3 ಲೀಟರ್ ನೀರು ಮತ್ತು ಮಸಾಲೆಯೊಂದಿಗೆ ಸಣ್ಣ ಉರಿಯಲ್ಲಿ ಎರಡು ಎರಡೂವರೆ ಗಂಟೆ ಬೇಯಿಸಿ, ಸೌಟಿನಿಂದ ಕಿವುಚಿ, ಇನ್ನೂ ಅರ್ಧ ಗಂಟೆ ಇಟ್ಟು ಸೋಸುತ್ತಾರೆ. ಇದು ಸುಲಭ, ಯಾವ ಯಂತ್ರವೂ ಬೇಡ, ಮನೆಯೆಲ್ಲ ಘಮಘಮಿಸುತ್ತದೆ. ಆದರೆ ಮನೆಯನ್ನು ತುಂಬಿದ ಆ ಘಮ ಪಾತ್ರೆಯಿಂದ ಹೊರಟುಹೋದದ್ದು ಎಂಬುದನ್ನು ಮರೆಯಬಾರದು. ತಾಜಾ ಸೇಬಿನ ಪರಿಮಳಕ್ಕೆ ಕಾರಣವಾದ ಅಂಶಗಳು ಬಹು ಬೇಗ ಆವಿಯಾಗುವಂಥವು. ಮೂರು ಗಂಟೆ ಕಾಲ ಬೆಂದ ಮೇಲೆ ಉಳಿಯುವುದು ಬೇಯಿಸಿದ ಸೇಬಿನ ರುಚಿ. ಅದೂ ಹಿತವಾಗಿಯೇ ಇರುತ್ತದೆ, ನೀರು ಬೆರೆತ ಕಾರಣ ಒಂದಿಷ್ಟು ತೆಳುವಾಗಿರುತ್ತದೆ. ಕೆಲವರು ಸಮಯ ಉಳಿಸಲು ಇದನ್ನು ಪ್ರೆಶರ್ ಕುಕ್ಕರಿನಲ್ಲಿ ಮಾಡಲು ಹೋಗುತ್ತಾರೆ. ಬೆಂದ ಸೇಬಿನ ತಿರುಳು ನೊರೆಯಾಗಿ ಉಕ್ಕಿ ಕುಕ್ಕರಿನ ಆವಿಯ ದಾರಿಯನ್ನು ಮುಚ್ಚಿಬಿಡಬಲ್ಲದು, ಹಾಗಾಗಿ ಆ ಪ್ರಯೋಗ ಬೇಡ.

ನನಗೆ ಹಿಡಿಸಿದ್ದು ಎರಡನೆಯ ದಾರಿ. ಹಸಿ ಸೇಬಿನ ರಸವನ್ನು ಹಿಂಡಿ ತೆಗೆದು, ಅದನ್ನು ಮಸಾಲೆಯೊಂದಿಗೆ ಮೆಲ್ಲಗೆ ಬಿಸಿ ಮಾಡುವುದು. ಸೇಬನ್ನು ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆದು, ತೊಟ್ಟನ್ನೂ ನಡುವಿನ ಬೀಜದ ಗೂಡನ್ನೂ ತೆಗೆದು, ಸಿಪ್ಪೆ ಸಮೇತ ಸಣ್ಣ ಹೋಳುಗಳಾಗಿ ಹೆಚ್ಚಿಕೊಳ್ಳುತ್ತೇನೆ. ಬೀಜಗಳು ಮಿಕ್ಸಿಯ ಬ್ಲೇಡಿಗೆ ಸಿಕ್ಕಿ ಒಡೆದರೆ ರಸ ಕಹಿಯಾಗುತ್ತದೆ, ಅಲ್ಲದೆ ಅವುಗಳಲ್ಲಿ ಅಮಿಗ್ಡಲಿನ್ ಇರುತ್ತದೆ, ಜಜ್ಜಿದಾಗ ಅದರಿಂದ ಸಯನೈಡ್ ಬಿಡುಗಡೆಯಾಗುತ್ತದೆ. ನಾಲ್ಕೈದು ಬೀಜ ಸೇರಿದರೆ ಏನೂ ಆಗದು ನಿಜ, ಆದರೂ ಹೆಚ್ಚುವಾಗಲೇ ತೆಗೆದುಬಿಡಬಹುದಾದ ಕಹಿಯನ್ನು ಒಳಗೆ ಬಿಡುವುದೇಕೆ? ಹೋಳುಗಳನ್ನು ಸ್ವಲ್ಪ ಸ್ವಲ್ಪವೇ ಮಿಕ್ಸಿಗೆ ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ ತರಿತರಿಯಾಗಿ ರುಬ್ಬಬೇಕು. ಮೊದಲ ಸಲ ಬ್ಲೇಡು ಸುಲಭವಾಗಿ ತಿರುಗದಿದ್ದರೆ ಎರಡು ಚಮಚ ನೀರು ಸಾಕು, ಆಮೇಲೆ ಬಂದ ರಸವನ್ನೇ ಬಳಸಿಕೊಳ್ಳಬಹುದು. ತೀರಾ ನುಣ್ಣಗೆ ರುಬ್ಬಿದರೆ ಅದು ಪೇಸ್ಟಾಗಿ ಬಟ್ಟೆಯ ಕಣ್ಣುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಆಗ ಎಷ್ಟು ಹಿಂಡಿದರೂ ರಸ ಇಳಿಯುವುದಿಲ್ಲ.

ರುಬ್ಬಿದ ತಿರುಳು ಬಟ್ಟಲಿಗೆ ಬಿದ್ದಾಗ ತಿಳಿ ಹಸಿರು ಬೆರೆತ ಬಿಳಿ ಬಣ್ಣದಲ್ಲಿರುತ್ತದೆ. ಎರಡು ಮೂರು ನಿಮಿಷ ಕಳೆಯುವಷ್ಟರಲ್ಲಿ ಮೇಲಿನ ಪದರ ಕೆಂಪಾಗತೊಡಗುತ್ತದೆ, ಚಮಚದಿಂದ ಕೆದಕಿದರೆ ಒಳಗಿನದ್ದು ಇನ್ನೂ ಬೆಳ್ಳಗಿರುತ್ತದೆ, ಮತ್ತೆ ಎರಡು ನಿಮಿಷಕ್ಕೆ ಅದೂ ಕಂದುಬಣ್ಣಕ್ಕೆ ತಿರುಗುತ್ತದೆ. ಹಣ್ಣಿನ ಕಣಗಳು ಒಡೆದಾಗ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಹಣ್ಣಿನ ಒಗರು ಅಂಶಗಳನ್ನು ಗಾಳಿಯ ಆಮ್ಲಜನಕದೊಂದಿಗೆ ಬೆಸೆಯುವುದರಿಂದ ಹೀಗಾಗುತ್ತದೆ. ರಸ ಕಪ್ಪಾಗಬಾರದೆಂದು ಬಹಳ ಮಂದಿ ಈ ಹಂತದಲ್ಲಿ ಆತುರಾತುರವಾಗಿ ನಿಂಬೆಹಣ್ಣು ಹಿಂಡುತ್ತಾರೆ. ಸೈಡರ್ ಮಾಡುವಾಗ ಅದರ ಅಗತ್ಯವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸೈಡರ್‌ಗೆ ಅದರ ಜೇನುಕಂದು ಬಣ್ಣ ಬರುವುದೇ ಇದರಿಂದ. ಅಷ್ಟೇ ಅಲ್ಲ, ಒಗರಿನ ಅಂಶ ಗಾಳಿಗೆ ತೆರೆದುಕೊಂಡಾಗ ತಿರುಳಿಗೇ ಅಂಟಿಕೊಂಡು ಹಿಂದೆ ಉಳಿಯುವುದರಿಂದ, ಇಳಿಯುವ ರಸ ಹೆಚ್ಚು ಮೃದುವಾಗಿರುತ್ತದೆ. ನಾನು ತಿರುಳನ್ನು ಮುಚ್ಚಿಟ್ಟು ಇಪ್ಪತ್ತು ನಿಮಿಷ ಹಾಗೆಯೇ ಬಿಟ್ಟು ಆಮೇಲೆ ಹಿಂಡುತ್ತೇನೆ.

ಹಿಂಡಲು ಒದ್ದೆ ಮಾಡಿ ಹಿಂಡಿದ ತೆಳು ಹತ್ತಿಬಟ್ಟೆ ಒಳ್ಳೆಯದು. ಒಣಬಟ್ಟೆ ಮೊದಲ ರಸವನ್ನೆಲ್ಲ ತಾನೇ ಹೀರಿಕೊಂಡುಬಿಡುತ್ತದೆ. ಒಂದು ದೊಡ್ಡ ಜರಡಿಯ ಮೇಲೆ ಬಟ್ಟೆ ಹಾಸಿ, ತಿರುಳು ಸುರಿದು, ಐದು ನಿಮಿಷ ತಾನಾಗಿಯೇ ಇಳಿಯಲು ಬಿಟ್ಟು, ಆಮೇಲೆ ನಾಲ್ಕೂ ತುದಿಗಳನ್ನು ಕೂಡಿಸಿ ತಿರುಚುತ್ತ ಹೋಗಬೇಕು. ಒಮ್ಮೆಗೇ ಬಲ ಹಾಕಿದರೆ ತಿರುಳು ಬಟ್ಟೆಯ ಕಣ್ಣಿನಿಂದ ನುಸುಳುತ್ತದೆ. ತಿರುಚಿ, ಬಿಟ್ಟು, ಗಂಟನ್ನು ಕೈಯಲ್ಲಿ ಒಮ್ಮೆ ಕುಲುಕಿ ಮತ್ತೆ ತಿರುಚಿದರೆ ಪ್ರತಿ ಸಲವೂ ಇನ್ನೊಂದಿಷ್ಟು ರಸ ಇಳಿಯುತ್ತದೆ. 3 ಕಿಲೋ ಹಣ್ಣಿನಿಂದ ನನಗೆ ಸಾಮಾನ್ಯವಾಗಿ 1.5 ಲೀಟರಿನಷ್ಟು ರಸ ಸಿಗುತ್ತದೆ. ಕಷ್ಟದ ಕೆಲಸವೇನೋ ಹೌದು, ಮುಂಗೈ ನೋಯುತ್ತದೆ, ಆದರೆ ಇಲ್ಲಿ ಸಿಗುವ ರಸಕ್ಕೂ ಬೇಯಿಸಿ ಸೋಸಿದ ನೀರಿಗೂ ಹೋಲಿಕೆಯೇ ಇಲ್ಲ. ಇಷ್ಟಕ್ಕೆ ಬಿಡುವಿಲ್ಲದ ದಿನ ಅಂಗಡಿಯ ರಸವನ್ನೇ ತರುವುದಾದರೆ ಸಕ್ಕರೆ ಸೇರಿಸದ, ಬಾಟಲಿಯ ತಳದಲ್ಲಿ ಗಸಿ ಕೂತಿರುವ ಮಬ್ಬು ರಸವನ್ನು ಆರಿಸಿಕೊಳ್ಳಿ. ಗಾಜಿನಂತೆ ತಿಳಿಯಾದ ರಸದಲ್ಲಿ ಹಣ್ಣಿನ ರಸಕ್ಕೆ ಮಂದತನ ಕೊಡುವ ಪೆಕ್ಟಿನ್ ಅಂಶವನ್ನು ಬಹುಪಾಲು ತೆಗೆದುಹಾಕಿರುತ್ತಾರೆ, ಬಾಯಿಯಲ್ಲಿ ಅದು ನಿಲ್ಲುವುದೇ ಇಲ್ಲ.

ಪಾತ್ರೆ ದಪ್ಪ ತಳದ ಸ್ಟೀಲಿನದ್ದೋ ಎನಾಮೆಲ್ ಲೇಪದ್ದೋ ಆಗಿರಲಿ. ಸೇಬಿನ ರಸ ಸಾಕಷ್ಟು ಆಮ್ಲೀಯವಾದದ್ದು, ಅದರ ಪಿಎಚ್ 3.3ರಿಂದ 4ರ ನಡುವೆ ಇರುತ್ತದೆ. ಲೇಪವಿಲ್ಲದ ಅಲ್ಯೂಮಿನಿಯಂ ಅಥವಾ ಕಬ್ಬಿಣದ ಪಾತ್ರೆಯಲ್ಲಿ ಅಷ್ಟು ಹೊತ್ತು ಬಿಸಿ ಮಾಡಿದರೆ ರಸಕ್ಕೆ ಲೋಹದ ರುಚಿ ಹತ್ತುತ್ತದೆ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಗಳಂತೂ ಬೇಡವೇ ಬೇಡ.

ಉರಿ ಸಣ್ಣದಾಗಿರಬೇಕು ಎಂದು ಹೇಳಿದಾಗ, ಬರೀ ಕುಡಿಯುವಷ್ಟು ಬೆಚ್ಚಗಾದರೆ ಸಾಕು ಎಂದು ಯಾರೂ ತಿಳಿಯಬಾರದು. ಹಸಿ ರಸ ಹುಳಿಯಾಗಿರುವುದರಿಂದ ಅದರಲ್ಲಿ ರೋಗಾಣು ಬದುಕುವುದಿಲ್ಲ ಎಂಬ ನಂಬಿಕೆ ಬಹುಕಾಲ ಇತ್ತು. 1996ರಲ್ಲಿ ಅಮೆರಿಕದ ಪಶ್ಚಿಮ ಭಾಗದಲ್ಲಿ ಪಾಶ್ಚರೀಕರಿಸದ, ಅಂದರೆ ರೋಗಾಣು ಸಾಯುವಷ್ಟು ಬಿಸಿ ಮಾಡದ ಸೇಬಿನ ರಸ ಕುಡಿದ ಅನೇಕರು ಇ. ಕೋಲೈ ಒ157:ಎಚ್7 ಸೋಂಕಿಗೆ ತುತ್ತಾಗಿ, ಒಂದು ಮಗು ತೀರಿಕೊಂಡಾಗ ಆ ನಂಬಿಕೆ ಹುಸಿಯಾಯಿತು. ಈ ಬ್ಯಾಕ್ಟೀರಿಯಾ ಹುಳಿಯನ್ನು ತಾಳಿಕೊಳ್ಳಬಲ್ಲದು. ಮಣ್ಣಿಗೆ ಬಿದ್ದ, ದನಕರುಗಳ ಸಗಣಿ ಸೋಕಿದ ಹಣ್ಣಿನ ಮೂಲಕ ಅದು ರಸಕ್ಕೆ ಬರಬಹುದು. ರಸ 71 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಈ ಭಯ ನಿವಾರಣೆಯಾಗುತ್ತದೆ. ಅಡುಗೆಯ ಥರ್ಮಾಮೀಟರ್ ಇದ್ದರೆ ನಿಖರವಾಗಿ ನೋಡಬಹುದು. ಇಲ್ಲದಿದ್ದರೆ ರಸದ ಅಂಚಿನಲ್ಲೆಲ್ಲ ಸಣ್ಣ ಗುಳ್ಳೆಗಳೆದ್ದು, ದಟ್ಟವಾಗಿ ಹಬೆಯಾಡುವ ತನಕ ಕಾಯಿಸಿ, ಕುದಿ ಹತ್ತುವ ಸೂಚನೆ ಕಂಡೊಡನೆ ಉರಿಯನ್ನು ತಗ್ಗಿಸಿದರೆ ಸಾಕು. ಕುದಿಯಲು ಬಿಟ್ಟರೆ ರೋಗಾಣುವಿನ ಜೊತೆಗೆ ಪರಿಮಳವೂ ಹೋಗುತ್ತದೆ.

ರಸ ಬಿಸಿಯಾಗುತ್ತ ಬಂದಂತೆ ಕಂದು ಬಣ್ಣದ ದಪ್ಪ ನೊರೆ ಮೇಲಕ್ಕೆ ಬಂದು ಕೂಡುತ್ತದೆ. ಸೋಸುವಾಗ ಉಳಿದ ತಿರುಳಿನ ಸಣ್ಣ ಕಣಗಳು ಒಟ್ಟುಗೂಡಿ ಹೀಗೆ ಏಳುತ್ತವೆ. ಅದನ್ನು ಕಲಕಬಾರದು. ಚಪ್ಪಟೆ ಸೌಟನ್ನು ಅಂಚಿನಿಂದ ನಡುವಿಗೆ ಮೆಲ್ಲಗೆ ಎಳೆದರೆ ಒಂದು ಚಾಪೆಯ ಹಾಗೆ ಒಟ್ಟಿಗೆ ಬರುತ್ತದೆ. ಎರಡು ಸಲ ಹೀಗೆ ತೆಗೆದರೆ ಕೆಳಗೆ ಹೊಳೆಯುವ ರಸ ಕಾಣಿಸುತ್ತದೆ. ಮಸಾಲೆ ಹಾಕುವುದು ನೊರೆ ತೆಗೆದ ಮೇಲೆಯೇ, ಮೊದಲೇ ಹಾಕಿದರೆ ಲವಂಗವೆಲ್ಲ ನೊರೆಯಲ್ಲಿ ಸಿಕ್ಕಿ ಹೊರಗೆ ಹೋಗುತ್ತದೆ.

ಈಗ ಮಸಾಲೆಯ ವಿಷಯ. ಪುಡಿ ಬೇಡ, ಇಡಿಯಾದದ್ದೇ ಆಗಬೇಕು. ಮೊದಲ ಸಲ ಮಾಡಿದಾಗ ನಾನು ಎರಡು ಚಮಚ ಚಕ್ಕೆಪುಡಿ ಹಾಕಿದ್ದೆ. ಪುಡಿ ಕರಗಲಿಲ್ಲ. ಬಿಸಿರಸದಲ್ಲಿ ಉಬ್ಬಿ, ಲೋಳೆಲೋಳೆಯಾಗಿ, ಲೋಟದ ತಳದಲ್ಲಿ ಕೆಸರಿನ ಹಾಗೆ ಕೂತುಬಿಟ್ಟಿತು. ಅರ್ಧ ದಿನ ಹಿಂಡಿದ ರಸವನ್ನು ಚೆಲ್ಲಬೇಕಾಗಿ ಬಂದಾಗ ಆದ ಬೇಸರ ನನಗಿನ್ನೂ ನೆನಪಿದೆ. ಚಕ್ಕೆಯಲ್ಲಿಯೂ ಎರಡು ಬಗೆಗಳಿವೆ. ದಪ್ಪವಾಗಿ, ಗಟ್ಟಿಯಾಗಿ, ಒಂದೇ ಪದರದಲ್ಲಿ ಸುರುಳಿಯಾಗಿರುವುದು ಕ್ಯಾಸಿಯಾ. ಕಾಗದದಷ್ಟು ತೆಳ್ಳಗಿನ ಹಲವು ಪದರಗಳು ಒಂದರೊಳಗೊಂದು ಸುತ್ತಿಕೊಂಡು, ಬೆರಳಲ್ಲಿ ಒತ್ತಿದರೆ ಪುಡಿಯಾಗುವಂತಿರುವುದು ಸಿಲೋನ್ ದಾಲ್ಚಿನ್ನಿ. ಕ್ಯಾಸಿಯಾದಲ್ಲಿ ಘಾಟೂ ಖಾರವೂ ಹೆಚ್ಚು. ಸಿಲೋನ್ ಚಕ್ಕೆಯ ವಾಸನೆ ನವಿರಾಗಿದ್ದು ಹಣ್ಣನ್ನು ಮೀರುವುದಿಲ್ಲ, ಆದ್ದರಿಂದ ನನ್ನ ಒಲವು ಅದರ ಕಡೆಗೇ. ಸಿಗದಿದ್ದರೆ ಕ್ಯಾಸಿಯಾವನ್ನು ಅರ್ಧಕ್ಕೆ ಇಳಿಸಿ ಹಾಕಿದರೆ ಹದ ಸರಿಹೋಗುತ್ತದೆ.

ಲವಂಗದ ಬಗ್ಗೆ ಹೆಚ್ಚು ಎಚ್ಚರ ಬೇಕು. ಒಂದು ಸಲ ಸೈಡರ್ ಮಾಡಿ, ಸೋಸದೆ, ಹತ್ತು ಹನ್ನೆರಡು ಲವಂಗವನ್ನು ಅದರಲ್ಲಿಯೇ ಬಿಟ್ಟು ರಾತ್ರಿಯಿಡೀ ಇಟ್ಟಿದ್ದೆ. ಹೊತ್ತು ಹೆಚ್ಚಾದಷ್ಟೂ ರುಚಿ ಕೂಡುತ್ತದೆ ಎಂಬುದು ಆಗಿನ ನನ್ನ ತಿಳಿವಳಿಕೆ. ಬೆಳಿಗ್ಗೆ ಬಿಸಿ ಮಾಡಿ ತಂಗಿಗೆ ಕೊಟ್ಟರೆ ಎರಡು ಗುಟುಕು ಕುಡಿದು, ‘ಅಕ್ಕಾ, ನಾಲಿಗೆ ಜೋಮು ಹಿಡಿದ ಹಾಗಾಗ್ತಿದೆ’ ಎಂದಳು. ಅವಳು ಹೇಳಿದ್ದು ನಿಜವಾಗಿತ್ತು. ಲವಂಗದ ಎಣ್ಣೆಯ ಬಹುಪಾಲು ಯೂಜಿನಾಲ್, ಹಲ್ಲುನೋವಿಗೆ ಲವಂಗದ ಎಣ್ಣೆ ಹಚ್ಚುವುದು ಅದು ನರಗಳನ್ನು ಮರಗಟ್ಟಿಸುವ ಕಾರಣಕ್ಕಾಗಿಯೇ. ಆ ಸೈಡರ್‌ನಲ್ಲಿ ಸೇಬಿನ ಸುಳಿವೂ ಉಳಿದಿರಲಿಲ್ಲ. ಅಂದಿನಿಂದ 1.5 ಲೀಟರ್ ರಸಕ್ಕೆ ನಾಲ್ಕು ಲವಂಗ, ಅದೂ ಹದಿನೈದು ನಿಮಿಷ ಮಾತ್ರ ಎಂಬ ನಿಯಮವನ್ನು ನಾನು ಮೀರಿಲ್ಲ.

ಎಲ್ಲ ಮಸಾಲೆಯನ್ನೂ ಒಟ್ಟಿಗೆ ಹಾಕುವುದಕ್ಕಿಂತ ಅವುಗಳ ಸ್ವಭಾವ ನೋಡಿ ಹಾಕುವುದು ಮೇಲು. ಚಕ್ಕೆ ಮರದ ತೊಗಟೆ, ನಿಧಾನವಾಗಿ ಬಿಟ್ಟುಕೊಡುತ್ತದೆ. ಎಂಟು ಸೆಂಟಿಮೀಟರ್ ಉದ್ದದ ಎರಡು ಸಿಲೋನ್ ಚಕ್ಕೆಗಳು ಮೊದಲು ಪಾತ್ರೆಗೆ ಬೀಳಬೇಕು. ಹತ್ತು ನಿಮಿಷದಲ್ಲಿ ಅವುಗಳ ಸುರುಳಿ ಅಂಚಿನಿಂದ ಬಿಚ್ಚಿಕೊಳ್ಳುವುದು ಕಾಣುತ್ತದೆ. ಜೊತೆಗೆ ಬೆರಳ ತುದಿಯಷ್ಟು ಹಸಿಶುಂಠಿಯನ್ನು ಬಿಲ್ಲೆಗಳಾಗಿ ಹೆಚ್ಚಿ ಹಾಕಬಹುದು. ಚಕ್ಕೆ ಅರ್ಧ ಗಂಟೆ ಇರಬೇಕಾದ್ದರಿಂದ, ಮೊದಲ ಕಾಲು ಗಂಟೆ ಕಳೆದ ಮೇಲೆ ಲವಂಗ ಮತ್ತು ಅರ್ಧ ಚಕ್ರಮೊಗ್ಗು ಸೇರುತ್ತವೆ. ಚಕ್ರಮೊಗ್ಗಿನ ಸೋಂಪಿನಂಥ ಸಿಹಿವಾಸನೆ ಬಹಳ ಬಲವಾದದ್ದು, ಇಡೀ ಮೊಗ್ಗು ಹಾಕಿದರೆ ಉಳಿದೆಲ್ಲದರ ಮೇಲೆ ಅದೇ ಕೂತುಬಿಡುತ್ತದೆ. ಕಿತ್ತಳೆಯ ಸಿಪ್ಪೆ ಕೊನೆಯ ಐದು ನಿಮಿಷಕ್ಕೆ. ಕಿತ್ತಳೆಯನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ ತೇಲಿಬಿಡುವುದು ಚಿತ್ರದಲ್ಲಿ ನೋಡಲು ಸೊಗಸು, ಆದರೆ ಸಿಪ್ಪೆಯ ಕೆಳಗಿನ ಬಿಳಿ ಪದರ ಬಿಸಿಯಲ್ಲಿ ಕಹಿ ಬಿಡುತ್ತದೆ. ತರಕಾರಿ ಸಿಪ್ಪೆ ಹೆರೆಯುವ ಪೀಲರ್‌ನಿಂದ ಹೊರಗಿನ ಬಣ್ಣದ ಪದರವನ್ನಷ್ಟೇ ತೆಳ್ಳಗೆ ಎರಡು ಮೂರು ಪಟ್ಟಿ ತೆಗೆದು, ರಸದ ಮೇಲೆಯೇ ಹಿಡಿದು ಒಮ್ಮೆ ತಿರುಚಿ ಹಾಕಿದರೆ ಅದರ ಎಣ್ಣೆಯ ಸಣ್ಣ ಹನಿಗಳು ಮೇಲೆ ಹರಡುವುದು ಬೆಳಕಿನಲ್ಲಿ ಕಾಣುತ್ತದೆ. ಮಸಾಲೆಯನ್ನು ಸಣ್ಣ ಬಟ್ಟೆಯ ಗಂಟಿನಲ್ಲಿ ಕಟ್ಟುವುದಾದರೆ ಒಂದೇ ಗಂಟಿನ ಬದಲು ಎರಡು ಕಟ್ಟಿದರೆ, ಹೊತ್ತಿಗೆ ಸರಿಯಾಗಿ ಒಂದೊಂದನ್ನೇ ಹಾಕಲು ಸುಲಭವಾಗುತ್ತದೆ.

ಈ ಅರ್ಧ ಗಂಟೆಯೂ ಪಾತ್ರೆ ಮುಚ್ಚಿರಬೇಕು. ಮಸಾಲೆಯ ಎಣ್ಣೆಗಳೂ ಸೇಬಿನ ಪರಿಮಳವೂ ಹಬೆಯೊಂದಿಗೆ ಏಳುವಂಥವು. ಮುಚ್ಚಳಕ್ಕೆ ತಾಗಿ ಹನಿಯಾಗಿ ಮರಳಿ ಬಿದ್ದರೆ ಅಷ್ಟಾದರೂ ಉಳಿಯುತ್ತದೆ. ನಡುನಡುವೆ ಚಮಚದಲ್ಲಿ ತೆಗೆದು, ಆರಿಸಿ, ನಾಲಿಗೆಗೆ ಹಚ್ಚಿ ನೋಡುತ್ತಿರಬೇಕು. ಚಕ್ಕೆಯ ರುಚಿ ‘ಇನ್ನು ಸ್ವಲ್ಪ ಬೇಕಿತ್ತು’ ಎನ್ನಿಸುವಾಗಲೇ ಮಸಾಲೆಯನ್ನೆಲ್ಲ ತೆಗೆದುಬಿಡುತ್ತೇನೆ. ಸುಡುವ ರಸದಲ್ಲಿ ತೋರದಿದ್ದ ಮಸಾಲೆ, ಲೋಟದಲ್ಲಿ ಕುಡಿಯುವ ಹದಕ್ಕೆ ಬಂದಾಗ ಸ್ಪಷ್ಟವಾಗಿ ಕಾಣಿಸಿಕೊಳ್ಳುತ್ತದೆ.

ಸಿಹಿಯ ತೀರ್ಮಾನವೂ ಆಗಲೇ. ಹಣ್ಣು ಚೆನ್ನಾಗಿದ್ದರೆ ಸಕ್ಕರೆ ಬೇಡ. ಬೇಕೇ ಬೇಕೆನ್ನಿಸಿದರೆ ಒಂದು ದೊಡ್ಡ ಚಮಚ ಕಂದು ಸಕ್ಕರೆ ಹಾಕಬಹುದು. ಜೇನು ಹಾಕುವವರು ಒಲೆ ಆರಿಸಿದ ಮೇಲೆ ಹಾಕಿದರೆ ಅದರ ವಾಸನೆ ಉಳಿಯುತ್ತದೆ. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಜೇನು ಸೇರಿದ್ದನ್ನು ಕೊಡಲೇಬಾರದು. ಸಿಹಿ ಅತಿಯಾದರೆ ನಿಂಬೆರಸದ ಕೆಲವು ಹನಿ, ರುಚಿ ಚಪ್ಪೆ ಎನ್ನಿಸಿದರೆ ಎರಡು ಬೆರಳಿಗೆ ಹತ್ತುವಷ್ಟು ಉಪ್ಪು. ಉಪ್ಪು ಹಾಕಿದ್ದು ಕುಡಿಯುವವರಿಗೆ ತಿಳಿಯುವುದಿಲ್ಲ, ಸೇಬು ಮಾತ್ರ ಎದ್ದು ಬರುತ್ತದೆ.

ಉಳಿದ ಸೈಡರ್ ಅನ್ನು ಮಸಾಲೆಯಿಲ್ಲದೆ ಸೋಸಿ, ಆರಿದ ಮೇಲೆ ಗಾಜಿನ ಬಾಟಲಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ. ಮುಚ್ಚಳ ತೆಗೆದಾಗ ಬುಸ್ಸೆಂದು ಸದ್ದಾಗಿ ಗುಳ್ಳೆಗಳೆದ್ದರೆ ಅದು ಹುದುಗಲು ತೊಡಗಿದೆ ಎಂದರ್ಥ, ಮಕ್ಕಳಿಗೆ ಕೊಡಬೇಡಿ. ಹೆಚ್ಚು ದಿನ ಇಡಬೇಕಾದರೆ ಫ್ರೀಜರಿನಲ್ಲಿ ಇಡಬಹುದು. ಹೆಪ್ಪುಗಟ್ಟುವಾಗ ರಸ ಹಿಗ್ಗುವುದರಿಂದ ಡಬ್ಬಿಯ ಮೇಲ್ಭಾಗದಲ್ಲಿ ಎರಡು ಬೆರಳಷ್ಟು ಜಾಗ ಬಿಡಬೇಕು. ಮರುದಿನ ಬಿಸಿ ಮಾಡುವಾಗ ಹೊಸದಾಗಿ ಮಸಾಲೆ ಹಾಕುವ ಅಗತ್ಯ ಬೀಳುವುದಿಲ್ಲ. ಲೋಟಕ್ಕೆ ಸುರಿದು, ಜಾಯಿಕಾಯಿಯನ್ನು ಸಣ್ಣ ತುರಿಮಣೆಯ ಮೇಲೆ ಎರಡೇ ಸಲ ಎಳೆದು ಆ ಪುಡಿ ಹಬೆಯ ಮೇಲೆ ಉದುರುವಂತೆ ಮಾಡಿ ಕೊಡುತ್ತೇನೆ. ತಂಗಿ ಈಗ ಮೊದಲು ಮೂಸಿ ನೋಡಿ, ಸೇಬಿನ ವಾಸನೆ ಬಂದ ಮೇಲೆಯೇ ಲೋಟವನ್ನು ತುಟಿಗೆ ತರುತ್ತಾಳೆ.